ಪದಚರ್ಚೆ: ಹಳೇ ಬೈಕಿನ ‘ವಾಬ್ಲಿಂಗ್’ – ಜೋಲಿಯೋ, ನಡುಕವೋ, ಆಟವೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಳೇ ಬೈಕುಗಳನ್ನು ತಾವೇ ನೋಡಿಕೊಳ್ಳುವವರಿಗೆಂದು ಕನ್ನಡದಲ್ಲೊಂದು ಕೈಪಿಡಿ ಸಿದ್ಧವಾಗುತ್ತಿದೆ. ಯಮಹಾ ಆರ್‌ಎಕ್ಸ್ 100 ಮತ್ತು ಮೈಸೂರಿನ ಯಾದವಗಿರಿಯಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಇಟ್ಟುಕೊಂಡವರೇ ಅದರ ಮುಖ್ಯ ಓದುಗರು. ಎರಡರ ತಯಾರಿಕೆಯೂ 1996ರಲ್ಲಿ ನಿಂತಿದ್ದರಿಂದ, ಹಿಂದಿನ ಸಸ್ಪೆನ್ಷನ್ನಿನ ಬುಷ್ (ತಿರುಗುವ ಕೀಲಿನೊಳಗೆ ಕೂರುವ ಚಿಕ್ಕ ಕೊಳವೆ), ಬೇರಿಂಗ್, ಶಾಕ್ಸ್ ಎಲ್ಲವೂ ಸವೆತದ ವಯಸ್ಸಿಗೆ ಬಂದಿರುವ ಗಾಡಿಗಳಿವು. ಹಾಗಾಗಿ ಆ ಅಧ್ಯಾಯವೇ ದೊಡ್ಡದು, ಪದಗಳ ತೊಡಕೂ ಅಲ್ಲೇ.

ಗ್ಯಾರೇಜಿಗೆ ಬರುವವರ ದೂರು ಬಹುಮಟ್ಟಿಗೆ ಒಂದೇ ಮಾತಿನದು: ‘ಗಾಡಿ ವಾಬ್ಲಿಂಗ್ ಆಗ್ತಿದೆ’. ಹಿಂಭಾಗ ನಿಧಾನವಾಗಿ ಎಡಕ್ಕೂ ಬಲಕ್ಕೂ ತೂಗುವುದು, ಹ್ಯಾಂಡಲ್ ಪಟಪಟ ಅದುರುವುದು, ಚಕ್ರ ಅಚ್ಚಿನ ಮೇಲೆ ಅಲ್ಲಾಡುವುದು, ಹಂಪ್ ದಾಟಿದ ಮೇಲೆ ಗಾಡಿ ಕುಣಿಯುತ್ತಲೇ ಇರುವುದು ಎಲ್ಲಕ್ಕೂ ಅದೇ ಹೆಸರು. ನಿಘಂಟು ನೋಡಿದರೆ ‘ಕಂಪನ’ ಎಂದಿದೆ. ಅದು ಎಂಜಿನ್ನಿನ ಅದುರಿಗೂ ಸಲ್ಲುವ ಪದವಾದ್ದರಿಂದ ಓದುಗರಿಗೆ ಉಪಕಾರವಾಗದು. ನಾಲ್ಕಕ್ಕೂ ನಾಲ್ಕು ಬೇರೆ ಮಾತು ಬೇಕು, ಅವು ಶೆಡ್ಡಿನಲ್ಲಿ ಆಡಿದರೂ ಅರ್ಥವಾಗಬೇಕು. ಜೊತೆಗೆ ಬುಷ್ ಸವೆದು ಬರುವ ‘ಪ್ಲೇ’ಗೆ ‘ಸಡಿಲ’ ಎಂದು ಬರೆಯಬಹುದೇ? ಶಾಕ್ಸಿನ ‘ಡ್ಯಾಂಪಿಂಗ್’ಗೆ ಪಠ್ಯಪುಸ್ತಕದ ‘ಅವಮಂದನ’ ಬಿಟ್ಟು ಬೇರೇನಾದರೂ ಇದೆಯೇ?

ಉತ್ತರ

ಮೊದಲ ಎರಡಕ್ಕೆ ಪದ ಹುಡುಕುವ ಅಗತ್ಯವೇ ಇಲ್ಲ, ನಮ್ಮ ಬಾಯಲ್ಲೇ ಇವೆ. ಹಿಂಭಾಗ ತೂಗುವುದಕ್ಕೆ ‘ಜೋಲಿ ಹೊಡೆಯುವುದು’. ಹ್ಯಾಂಡಲ್ ಅದುರುವುದಕ್ಕೆ ‘ನಡುಕ’. ಎರಡನ್ನೂ ಬೇರೆಬೇರೆ ಇಡಬೇಕೆಂದು ನಾನು ಹಟ ಹಿಡಿಯುವುದು ಏಕೆಂದರೆ, ಎರಡಕ್ಕೂ ಕಾರಣ ಇರುವುದು ಗಾಡಿಯ ಎರಡು ತುದಿಗಳಲ್ಲಿ. ಪದ ತಪ್ಪಿದರೆ ಮೆಕ್ಯಾನಿಕ್ ತಪ್ಪು ತುದಿ ಬಿಚ್ಚುತ್ತಾನೆ.

ಜೋಲಿ ನಿಧಾನದ್ದು. ಸೆಕೆಂಡಿಗೆ 2–3 ಸಲ ಇಡೀ ಗಾಡಿ ಎಡಬಲಕ್ಕೆ ಹೊರಳುತ್ತದೆ. ಮೊದಲು ತಿಳಿಯುವುದು ಸೀಟಿನಲ್ಲಿ, ಕೈಗಲ್ಲ. ವೇಗ ಹೆಚ್ಚಿದಷ್ಟೂ ಜೋರಾಗುತ್ತದೆ, ಉದ್ದನೆಯ ತಿರುವಿನಲ್ಲಿ, ಹಿಂದೆ ಒಬ್ಬರು ಕೂತಾಗ ಅಥವಾ ಕ್ಯಾರಿಯರಿನಲ್ಲಿ ಭಾರ ಇಟ್ಟಾಗ ಇನ್ನೂ ಬೇಗ ಶುರುವಾಗುತ್ತದೆ. ಇದರ ಬೇರು ಸಾಮಾನ್ಯವಾಗಿ ಹಿಂದೆ: ಟೈರಿನ ಗಾಳಿ, ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಫ್ರೇಮಿಗೆ ಕೂಡಿಸುವ, ಮೇಲೆ ಕೆಳಗೆ ಆಡುವ ತೋಳು) ಬುಷ್, ಚಕ್ರದ ಬೇರಿಂಗ್, ಸತ್ತ ಶಾಕ್ಸ್.

ನಡುಕ ಚುರುಕಿನದು. ಸೆಕೆಂಡಿಗೆ 6–10 ಸಲ, ಅದೂ ಹ್ಯಾಂಡಲಿನಲ್ಲಿ. ಗಂಟೆಗೆ 50–80 ಕಿ.ಮೀ. ನಡುವೆ, ಅದರಲ್ಲೂ ಆಕ್ಸಿಲರೇಟರ್ ಬಿಟ್ಟು ವೇಗ ಇಳಿಯುವಾಗ ಕಾಣಿಸಿಕೊಂಡು, ಮತ್ತೂ ಇಳಿದರೆ ತಾನೇ ನಿಲ್ಲುತ್ತದೆ. ಅದಕ್ಕೆ ಮುಂದಿನ ಟೈರ್, ರಿಮ್ ಬೆಂಡ್, ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ನೋಡಬೇಕು. ಕೋನ್ ಸೆಟ್ ಅತಿಯಾಗಿ ಬಿಗಿದರೂ ಜೋಲಿಯಂಥದ್ದೇ ಒಂದು ಅಲೆದಾಟ ಬರುತ್ತದೆ, ಆದರೆ ಅದು ಬೆಳೆಯುವುದು ನಿಧಾನ ವೇಗದಲ್ಲಿ: ಗಾಡಿ ನೆಟ್ಟಗೆ ಹೋಗಲು ಒಪ್ಪದೆ ಅತ್ತಿತ್ತ ಬೀಳುತ್ತಿರುತ್ತದೆ. ಇದೊಂದು ವಿನಾಯಿತಿಯನ್ನು ಕೈಪಿಡಿಯಲ್ಲಿ ತಪ್ಪದೆ ಹಾಕಿ.

ಇನ್ನೊಂದು ಮಾತು, ಪದಕ್ಕಿಂತ ಮುಖ್ಯವಾದದ್ದು. ಜೋಲಿ ಶುರುವಾದಾಗ ಬ್ರೇಕ್ ಒತ್ತಬಾರದು, ಆಕ್ಸಿಲರೇಟರ್ ಒಮ್ಮೆಲೇ ಮುಚ್ಚಲೂಬಾರದು. ಮೊಣಕಾಲಲ್ಲಿ ಟ್ಯಾಂಕ್ ಹಿಡಿದು, ಮೈಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಹ್ಯಾಂಡಲ್ ಮೇಲೆ ಕೈ ಹಗುರ ಬಿಟ್ಟು, ವೇಗ ಮೆಲ್ಲಗೆ ಇಳಿಸಬೇಕು. ಈ ವಾಕ್ಯವನ್ನು ದಪ್ಪಕ್ಷರದಲ್ಲಿ ಅಚ್ಚು ಮಾಡಿಸಿದರೆ ಒಳ್ಳೆಯದು.

ಮತ್ತೊಂದು ಉತ್ತರ

‘ಪ್ಲೇ’ಗೆ ‘ಸಡಿಲ’ ಬೇಡವೇ ಬೇಡ. ಸಡಿಲ ಎಂದರೆ ಬಿಗಿದರೆ ಸರಿಹೋಗುವುದು. ನಟ್ ಸಡಿಲ, ಸ್ಪೋಕ್ ಸಡಿಲ. ಬುಷ್ ಸವೆದು ಬಂದದ್ದು ‘ಆಟ’. ಅದು ಎಷ್ಟು ಬಿಗಿದರೂ ಹೋಗದು. ಕೈಪಿಡಿಯಲ್ಲಿ ‘ಸ್ವಿಂಗ್ ಆರ್ಮ್ ಸಡಿಲವಿದ್ದರೆ’ ಎಂದು ಬರೆದಿರೋ, ಓದಿದವನು ಸ್ಪ್ಯಾನರ್ ತಂದು ಪಿವಟ್ (ಆರ್ಮ್ ತಿರುಗುವ ಕೀಲು) ನಟ್ ತಿರುಗಿಸುತ್ತಾನೆ. ಹಾಗೆ ಅತಿಯಾಗಿ ಬಿಗಿದಾಗ ಫ್ರೇಮಿನ ಎರಡು ಕಿವಿಗಳು ಒಳಕ್ಕೆ ಬಾಗಿ ಆರ್ಮನ್ನು ಅಮುಕುತ್ತವೆ. ಆಟ ಮಾಯವಾದಂತೆ ಕಾಣುತ್ತದೆ, ಆದರೆ ಆರ್ಮ್ ಮೇಲೆ ಕೆಳಗೆ ಸಲೀಸಾಗಿ ಓಡದೆ ಕಚ್ಚುತ್ತದೆ. ಸಣ್ಣ ಗುಂಡಿಗಳನ್ನು ಶಾಕ್ಸ್ ನುಂಗುವುದೇ ಇಲ್ಲ, ಬುಷ್ ಒಂದೇ ಕಡೆ ಇನ್ನಷ್ಟು ಸವೆಯುತ್ತದೆ. ರೋಗ ಹಾಗೇ ಉಳಿದು, ಗುರುತು ಮಾತ್ರ ಅಳಿಸಿದಂತಾಯಿತು.

ಆಟ ಪತ್ತೆ ಹಚ್ಚುವ ಕ್ರಮವನ್ನು ಈ ಪದದ ಜೊತೆಗೇ ಕೊಡಿ. ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ನೆಲ ಬಿಡಲಿ. ರಿಮ್ಮಿನ ಮೇಲ್ತುದಿ ಒಂದು ಕೈಯಲ್ಲಿ, ಕೆಳತುದಿ ಇನ್ನೊಂದರಲ್ಲಿ ಹಿಡಿದು ಎಡಬಲಕ್ಕೆ ಅಲ್ಲಾಡಿಸಿ. ಜೊತೆಗಿರುವವರು ಆರ್ಮಿನ ಮೇಲೆ ಬೆರಳಿಡಲಿ. ಚಕ್ರ ಮಾತ್ರ ಅಲ್ಲಾಡಿ ಆರ್ಮ್ ಸುಮ್ಮನಿದ್ದರೆ ಬೇರಿಂಗಿನ ಆಟ. ಆರ್ಮೂ ಕೂಡಿಯೇ ಅಲ್ಲಾಡಿದರೆ ಬುಷ್ಷಿನದು. ಅನುಮಾನ ಉಳಿದರೆ ಚಕ್ರ ಕಳಚಿ, ಶಾಕ್ಸ್‌ಗಳ ಕೆಳಗಿನ ಬೋಲ್ಟ್ ಬಿಚ್ಚಿ, ಆರ್ಮಿನ ಹಿಂದಿನ ಎರಡು ತುದಿಗಳನ್ನು ಹಿಡಿದು ಪಕ್ಕಕ್ಕೆ ತಳ್ಳಿ ನೋಡಬೇಕು. ಶಾಕ್ಸ್ ಕಟ್ಟಿಕೊಂಡೇ ನೋಡಿದರೆ ಅವುಗಳ ಬಿಗಿತದಲ್ಲಿ ಸಣ್ಣ ಆಟ ಅಡಗಿಬಿಡುತ್ತದೆ. ಬಿಚ್ಚಿದಾಗ ಆರ್ಮ್ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿಯಬೇಕು, ಪಕ್ಕಕ್ಕೆ ಮಾತ್ರ ಕದಲಬಾರದು. ತುದಿಯಲ್ಲಿ 1 ಮಿ.ಮೀ. ದಾಟಿದ ಆಟವಿದ್ದರೆ ಬುಷ್ ಬದಲಿಸುವುದೇ ಸರಿ.

ಇಷ್ಟು ಚಿಕ್ಕ ಅಳತೆಗೆ ಯಾಕೆ ಇಷ್ಟು ಗದ್ದಲ ಎಂದು ಓದುಗರು ಕೇಳಬಹುದು. ಲೆಕ್ಕ ಹಾಕಿ ತೋರಿಸಿ: ಎರಡು ಬುಷ್‌ಗಳ ನಡುವೆ 200 ಮಿ.ಮೀ., ಅಲ್ಲಿಂದ ಅಚ್ಚಿಗೆ 450 ಮಿ.ಮೀ. ಎಂದುಕೊಳ್ಳೋಣ. ಒಂದೊಂದು ಬುಷ್ಷಿನಲ್ಲೂ ಅರ್ಧ ಮಿ.ಮೀ. ಸವೆತವಿದ್ದರೆ ಅಚ್ಚಿನ ಹತ್ತಿರ ಅದು 2 ಮಿ.ಮೀ. ದಾಟುತ್ತದೆ. ಅಂದರೆ ಹಿಂದಿನ ಚಕ್ರ ತನ್ನಷ್ಟಕ್ಕೆ ತಾನೇ ದಿಕ್ಕು ಬದಲಿಸುತ್ತಿದೆ ಎಂದಾಯಿತು. ಆಕ್ಸಿಲರೇಟರ್ ಕೊಟ್ಟಾಗ ಚೈನ್ ಒಂದು ಬದಿಯನ್ನು ಮುಂದಕ್ಕೆ ಎಳೆಯುತ್ತದೆ, ಬಿಟ್ಟಾಗ ಆ ಎಳೆತ ಕಳಚುತ್ತದೆ. ‘ಕೊಟ್ಟಾಗ ಒಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ ಎಳೆಯುತ್ತೆ’ ಎಂದು ಯಾರಾದರೂ ಹೇಳಿದರೆ ಮೊದಲು ನೋಡಬೇಕಾದ್ದು ಬುಷ್. ಈ ‘ಎಳೆಯುತ್ತೆ’ಯೂ ಪದಪಟ್ಟಿಗೆ ಸೇರಲಿ.

ಬುಷ್ ಹಾಕುವಾಗ ಸುತ್ತಿಗೆ ಬೇಡ. ಉದ್ದನೆಯ ಬೋಲ್ಟ್, ದಪ್ಪ ವಾಷರ್ ಇಟ್ಟು ನಟ್ ತಿರುಗಿಸುತ್ತ ಒಳಕ್ಕೆ ಎಳೆದು ಕೂರಿಸಬೇಕು. ಕಂಚಿನ ಬುಷ್ ಕೂತ ಮೇಲೆ ಒಳಗಡೆ ಸ್ವಲ್ಪ ಕಿರಿದಾಗುವುದರಿಂದ ರೀಮರ್ (ತೂತನ್ನು ಸರಿ ಅಳತೆಗೆ ಕೊರೆಯುವ ಉಪಕರಣ) ಹೊಡೆಸಬೇಕಾಗುತ್ತದೆ. ಒಳಗಿನ ಉಕ್ಕಿನ ಸ್ಲೀವನ್ನೂ ಕೈಯಲ್ಲಿ ಹಿಡಿದು ನೋಡಿ: ಉಗುರಿಗೆ ಸಿಗುವ ಮೆಟ್ಟಿಲಿದ್ದರೆ ಅದೂ ಹೋಯಿತೆಂದೇ ಅರ್ಥ, ಹೊಸ ಬುಷ್ ಹಾಕಿ ಹಳೇ ಸ್ಲೀವ್ ಇಟ್ಟರೆ ಆಟ ಹಾಗೇ ಉಳಿಯುತ್ತದೆ. ಸ್ಲೀವ್ ಆರ್ಮಿಗಿಂತ ಕೂದಲೆಳೆಯಷ್ಟು ಉದ್ದವಿರಬೇಕು. ಆಗ ಪಿವಟ್ ನಟ್ ಬಿಗಿದಾಗ ಫ್ರೇಮ್ ಹಿಡಿಯುವುದು ಸ್ಲೀವನ್ನು, ಆರ್ಮ್ ಅದರ ಸುತ್ತ ಬಿಡಿಯಾಗಿ ತಿರುಗುತ್ತದೆ. ರಬ್ಬರ್ ಬುಷ್ ಇರುವ ಮಾದರಿಯಾದರೆ ಮಾತ್ರ ಕ್ರಮ ಬೇರೆ: ಗಾಡಿ ಚಕ್ರದ ಮೇಲೆ ನಿಂತು, ಓಡುವಾಗ ಆರ್ಮ್ ಇರುವ ಎತ್ತರಕ್ಕೆ ಬಂದ ಮೇಲೆಯೇ ಕೊನೆಯ ಬಿಗಿತ. ಸ್ಟ್ಯಾಂಡಿನಲ್ಲಿ ಆರ್ಮ್ ಜೋತು ಬಿದ್ದಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

‘ಡ್ಯಾಂಪಿಂಗ್’ ಕುರಿತು

‘ಅವಮಂದನ’ ಭೌತಶಾಸ್ತ್ರದ ಪುಸ್ತಕದಲ್ಲಿ ಚೆನ್ನಾಗಿಯೇ ಇದೆ, ಅಲ್ಲೇ ಇರಲಿ. ಶಾಕ್ಸಿನೊಳಗೆ ಎರಡು ಬೇರೆ ಕೆಲಸಗಾರರಿದ್ದಾರೆ: ಹೊರಗಿನ ಸ್ಪ್ರಿಂಗ್ ಭಾರ ಹೊರುತ್ತದೆ, ಒಳಗಿನ ಎಣ್ಣೆ ಸ್ಪ್ರಿಂಗಿನ ಕುಣಿತವನ್ನು ತಡೆಯುತ್ತದೆ. ಕೆಟ್ಟಾಗ ಇವೆರಡಕ್ಕೂ ಶೆಡ್ಡಿನ ಕನ್ನಡದಲ್ಲಿ ಬೇರೆಬೇರೆ ಮಾತೇ ಇದೆ. ‘ಸ್ಪ್ರಿಂಗ್ ಕೂತಿದೆ’, ‘ಆಯಿಲ್ ಹೋಗಿದೆ’. ಇದಕ್ಕಿಂತ ಖಚಿತ ಪದ ಯಾರು ಕಟ್ಟಿಕೊಟ್ಟಾರು? ನಾಮಪದವಾಗಿ ಬೇಕಾದಾಗ ‘ತಡೆ’ ಸಾಕು: ‘ಶಾಕ್ಸಿನ ತಡೆ ಕಡಿಮೆಯಾಗಿದೆ’. ‘ಹಿಡಿತ’ ಎಂದು ಬರೆಯುವವರೂ ಇದ್ದಾರೆ, ಆದರೆ ಅದನ್ನು ಟೈರಿಗೆ ಮೀಸಲಿಡುವುದು ವಾಸಿ.

ಸ್ಪ್ರಿಂಗ್ ಕೂತದ್ದು ಅಳತೆಯಿಂದ ತಿಳಿಯುತ್ತದೆ. ಚಕ್ರ ನೆಲ ಬಿಟ್ಟಾಗ ಹಿಂದಿನ ಅಚ್ಚಿನಿಂದ ನೇರ ಮೇಲಕ್ಕೆ ಸೀಟಿನ ಅಂಚಿನವರೆಗೆ ಟೇಪ್ ಹಿಡಿದು ಬರೆದುಕೊಳ್ಳಿ. ಸವಾರ ಕೂತು ಎರಡೂ ಕಾಲು ಫುಟ್‌ರೆಸ್ಟ್ ಮೇಲಿಟ್ಟಾಗ ಮತ್ತೊಮ್ಮೆ ಅಳೆಯಿರಿ. ವ್ಯತ್ಯಾಸವು ಚಕ್ರದ ಒಟ್ಟು ಓಡಾಟದ ಮೂರನೇ ಒಂದು ಭಾಗದ ಆಸುಪಾಸಿನಲ್ಲಿರಬೇಕು. 75 ಮಿ.ಮೀ. ಓಡಾಟವಿದ್ದರೆ 25 ಮಿ.ಮೀ. ಅರ್ಧಕ್ಕರ್ಧ ಇಳಿದರೆ ಸ್ಪ್ರಿಂಗ್ ಕೂತಿದೆ. ಕೆಳಗಿನ ಅಡ್ಜಸ್ಟರನ್ನು ಒಂದೆರಡು ಮೆಟ್ಟಿಲು ಏರಿಸಿದರೆ ಗಾಡಿಯ ಹಿಂಭಾಗ ಎತ್ತರಕ್ಕೆ ಬರುತ್ತದೆಯೇ ಹೊರತು ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಎಡಬಲ ಎರಡೂ ಒಂದೇ ಮೆಟ್ಟಿಲಲ್ಲಿರಬೇಕೆಂಬುದನ್ನು ಎಷ್ಟೋ ಮಂದಿ ಮರೆಯುತ್ತಾರೆ. ಒಂದು ಎರಡರಲ್ಲಿ, ಇನ್ನೊಂದು ನಾಲ್ಕರಲ್ಲಿದ್ದರೆ ಆರ್ಮ್ ನುಲಿಯುತ್ತದೆ.

ಎಣ್ಣೆ ಹೋದದ್ದನ್ನು ಸೀಟಿನ ಹಿಂಭಾಗ ಜೋರಾಗಿ ಒತ್ತಿ ಬಿಟ್ಟು ನೋಡಬಹುದು. ಒಮ್ಮೆ ಮೇಲೆದ್ದು ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ತಡೆ ಹೋಗಿದೆ. ಆದರೆ ಒಂದು ಸತ್ತು ಇನ್ನೊಂದು ಬದುಕಿದ್ದಾಗ ಈ ಪರೀಕ್ಷೆ ಮೋಸ ಮಾಡುತ್ತದೆ, ಆದ್ದರಿಂದ ಎರಡನ್ನೂ ಬಿಚ್ಚಿ, ಸ್ಪ್ರಿಂಗ್ ಕಳಚಿ, ಗಾಡಿಯಲ್ಲಿ ಇದ್ದಂತೆಯೇ ನೆಟ್ಟಗೆ ಹಿಡಿದು ರಾಡ್ ಎಳೆದು ಒತ್ತಿ ನೋಡುವುದು ಖಚಿತ. ಎಳೆಯುವಾಗ ಹೆಚ್ಚು, ಒತ್ತುವಾಗ ಕಡಿಮೆ ತಡೆ ಇರಬೇಕು, ಅದೂ ಮೊದಲಿಂದ ಕೊನೆಯವರೆಗೆ ಒಂದೇ ಹದದಲ್ಲಿ. ನಡುವೆ ಎಲ್ಲೋ ಖಾಲಿ ಓಡಿ ಆಮೇಲೆ ಹಿಡಿದುಕೊಂಡರೆ ಎಣ್ಣೆ ಕಡಿಮೆಯಾಗಿ ಗಾಳಿ ಸೇರಿದೆ. ಎಲ್ಲೋ ಒಂದೆಡೆ ಕಚ್ಚಿದರೆ ರಾಡ್ ಬೆಂಡ್. ಹೊಸದನ್ನು ಹಾಕುವ ಮುಂಚೆಯೂ ನೆಟ್ಟಗೆ ಹಿಡಿದು ಏಳೆಂಟು ಸಲ ಒತ್ತಿ ಬಿಡಬೇಕು. ಮಲಗಿಸಿ ಇಟ್ಟ ಶಾಕ್ಸಿನಲ್ಲಿ ಗಾಳಿ ಜಾಗ ಬದಲಿಸಿರುತ್ತದೆ. ಬದಲಿಸುವುದಾದರೆ ಜೋಡಿಯಾಗಿಯೇ ಬದಲಿಸಿ.

ಹಂಪಿನ ಮೇಲೆ ಹಿಂದೆ ಕೂತವರನ್ನು ‘ಎತ್ತಿಹಾಕುತ್ತೆ’ ಎಂಬ ದೂರು ಎಣ್ಣೆ ಹೋದದ್ದರ ಗುರುತು. ಗುಂಡಿಗೆ ಬಿದ್ದಾಗ ‘ಧಡ್’ ಎಂದು ‘ತಳ ಹೊಡೆಯುತ್ತೆ’ ಎಂದರೆ ಸ್ಪ್ರಿಂಗ್ ಕೂತದ್ದರ ಗುರುತು. ಎರಡೂ ಇದ್ದರೆ ರಿಪೇರಿಗೆ ಹಣ ಸುರಿಯುವುದು ವ್ಯರ್ಥ. ಸಣ್ಣ ಗುಂಡಿಗೂ ‘ಟಕ್ ಟಕ್’ ಎನ್ನುವುದು ಬಹಳ ಸಲ ಶಾಕ್ಸಿನ ತಪ್ಪೇ ಅಲ್ಲ, ಅದರ ಕಣ್ಣಿನೊಳಗಿನ ರಬ್ಬರ್ ಬುಷ್ ಸವೆದದ್ದು. ಕೆಲವೇ ರೂಪಾಯಿಯ ಈ ಸಾಮಾನಿಗಾಗಿ ಒಳ್ಳೆಯ ಶಾಕ್ಸ್ ಗುಜರಿ ಸೇರುವುದು ಬೇಸರದ ಸಂಗತಿ.

ಕೇಳಿದವರಿಂದ ಮತ್ತೊಂದು

ಜೋಲಿ, ನಡುಕ, ಆಟ, ಎಳೆತ, ಕೂತಿದೆ, ಆಯಿಲ್ ಹೋಗಿದೆ – ಎಲ್ಲವನ್ನೂ ಹಾಗೆಯೇ ತೆಗೆದುಕೊಳ್ಳುತ್ತಿದ್ದೇನೆ. ಇನ್ನೊಂದು ಉಳಿದಿದೆ. ಹಿಂದಿನ ಚಕ್ರ ಮುಂದಿನದರ ಸಾಲಿನಲ್ಲಿ ಇಲ್ಲದಿದ್ದರೆ ‘ಅಲೈನ್ಮೆಂಟ್ ಔಟ್’ ಎನ್ನುತ್ತಾರೆ. ‘ಸೊಟ್ಟ’ ಎಂದು ಬರೆಯಲೇ, ‘ಓರೆ’ ಎಂದು ಬರೆಯಲೇ?

ಅದಕ್ಕೆ ಉತ್ತರ

ಎರಡೂ ಬೇಕು, ಅರ್ಥ ಬೇರೆ ಮಾಡಿ. ಚೈನ್ ಬಿಗಿಯುವಾಗ ಎರಡು ಬದಿಯ ಅಡ್ಜಸ್ಟರ್ ಸಮ ಬಾರದೆ ಅಚ್ಚು ವಾರೆಯಾಗಿ ಕೂತಿದ್ದರೆ ‘ಓರೆ’, ಸ್ಪ್ಯಾನರಿಗೆ ಸರಿಹೋಗುತ್ತದೆ. ಬಿದ್ದೋ ಗುದ್ದಿಯೋ ಆರ್ಮ್ ಅಥವಾ ಫ್ರೇಮ್ ಬಾಗಿದ್ದರೆ ‘ಸೊಟ್ಟ’; ಅದಕ್ಕೆ ಜಿಗ್ (ಫ್ರೇಮನ್ನು ಹಿಡಿದು ನೇರ ಮಾಡುವ ಚೌಕಟ್ಟು) ಇರುವ ಕಡೆ ಹೋಗಬೇಕು.

ಓರೆ ನೋಡಲು ಆರ್ಮ್ ಮೇಲಿನ ಗೆರೆಗಳನ್ನು ಪೂರ್ತಿ ನಂಬಬೇಡಿ. ಪಿವಟ್ ಬೋಲ್ಟಿನ ನಡುಮಧ್ಯದಿಂದ ಅಚ್ಚಿನ ನಡುಮಧ್ಯಕ್ಕೆ ಎರಡೂ ಬದಿ ಅಳೆದು ಸಮ ಮಾಡಿ. ಆಮೇಲೆ ದಾರದ ಪರೀಕ್ಷೆ: ಹಿಂದಿನ ಟೈರಿನ ಹಿಂಬದಿಗೆ ದಾರ ಸುತ್ತಿ, ಸ್ಟ್ಯಾಂಡಿಗೆ ತಾಗದ ಎತ್ತರದಲ್ಲಿ ಎರಡು ಎಳೆಯನ್ನೂ ಮುಂದಿನ ಚಕ್ರದಾಚೆಗೆ ಬಿಗಿಯಾಗಿ ಎಳೆಯಿರಿ. ಹಿಂದಿನ ಟೈರಿನ ಎರಡೂ ಅಂಚಿಗೆ ದಾರ ಈಗಷ್ಟೇ ಸೋಕುವಂತಿರಲಿ. ಹ್ಯಾಂಡಲ್ ನೆಟ್ಟಗಿಟ್ಟಾಗ ಮುಂದಿನ ಟೈರಿನ ಎರಡು ಬದಿಯಲ್ಲೂ ಸಮನಾದ ಸಂದಿ ಕಾಣಬೇಕು. ಮುಂದೆ 2.50, ಹಿಂದೆ 2.75 ಇಂಚಿನ ಟೈರಿದ್ದರೆ ಆ ಸಂದಿ ಒಂದೊಂದು ಬದಿ ಸುಮಾರು 3 ಮಿ.ಮೀ. ಟೈರಿನ ನಿಜವಾದ ಅಗಲ ಅಚ್ಚಾದ ಅಂಕಿಗಿಂತ ಹೆಚ್ಚುಕಡಿಮೆ ಇರುವುದರಿಂದ ಎರಡರ ಅಗಲವನ್ನೂ ಅಳೆದು ವ್ಯತ್ಯಾಸವನ್ನು ಅರ್ಧ ಮಾಡಿಕೊಳ್ಳುವುದು ಮೇಲು. ಯೆಜ್ಡಿಯಲ್ಲಿ ಚೈನ್ ಪೂರ್ತಿ ಕವರಿನೊಳಗೆ ಇರುವುದರಿಂದ ಅದರ ಓಟ ಕಣ್ಣಿಗೆ ಬೀಳದು, ಅಲ್ಲಿ ದಾರವೇ ಗತಿ.

ಅಚ್ಚು ಸಮನಾಗಿದ್ದೂ ಸಂದಿ ಬೇರೆಬೇರೆ ಬಂದರೆ, ಸೊಟ್ಟ ಎಂದು ಬರೆದುಬಿಡುವ ಮುಂಚೆ ರಿಮ್ ನೋಡಿ. ಸ್ಪೋಕ್ ಕಟ್ಟಿದವರು ಒಂದು ಬದಿಗೆ ಹೆಚ್ಚು ಎಳೆದಿದ್ದರೆ ರಿಮ್ ಚಕ್ರದ ನಡುವಿನ ಹಬ್ಬಿನ ಸರಿಯಾದ ಜಾಗ ಬಿಟ್ಟು ಸರಿದಿರುತ್ತದೆ. ರಿಮ್ಮಿನ ಅಂಚಿಂದ ಆರ್ಮಿನ ಒಳಬದಿಗೆ ಎರಡೂ ಕಡೆ ಅಳೆದು, ಆ ಮಾದರಿಗೆ ಇರಬೇಕಾದ ಅಂತರದ ಜೊತೆ ಹೋಲಿಸಿದರೆ ಗೊತ್ತಾಗುತ್ತದೆ. ಇದಕ್ಕೆ ‘ರಿಮ್ ಸರಿದಿದೆ’ ಎಂದು ಬರೆಯಿರಿ; ಸ್ಪೋಕ್ ಬಿಚ್ಚಿ ಕಟ್ಟುವವರಿಗೆ ಅಷ್ಟು ಹೇಳಿದರೆ ಸಾಕು, ಎಷ್ಟು ಮಿ.ಮೀ. ಯಾವ ಕಡೆಗೆ ಎಂದಷ್ಟೇ ಅವರು ಕೇಳುತ್ತಾರೆ.