ವಿಟಿಗ್ ಮಾಡಿದೆ, ಇಳುವರಿ 161% ಬಂತು!

ಪ್ರಶ್ನೆ (ಎಂಎಸ್ಸಿ ವಿದ್ಯಾರ್ಥಿನಿ, ಮೈಸೂರು)
ಪ್ರಾಜೆಕ್ಟ್‌ಗೆ ವಿಟಿಗ್ ಕ್ರಿಯೆಯಿಂದ (ರಂಜಕದ ಸಂಯುಕ್ತ ಮತ್ತು ಆಲ್ಡಿಹೈಡ್ ಸೇರಿಸಿ ಇಂಗಾಲದ ಜೋಡಿಬಂಧ ಕಟ್ಟುವುದು) ಸ್ಟಿಲ್ಬೀನ್ ಮಾಡ್ತಿದ್ದೇನೆ. ಬೆಂಜೈಲ್‌ಟ್ರೈಫಿನೈಲ್‌ಫಾಸ್ಫೋನಿಯಂ ಕ್ಲೋರೈಡ್ ಮತ್ತು ಬೆಂಜಾಲ್ಡಿಹೈಡ್, ಎರಡೂ 10 ಮಿಲಿಮೋಲ್. ಡೈಕ್ಲೋರೋಮೀಥೇನ್‌ನಲ್ಲಿ ಕರಗಿಸಿ, 50% ಕಾಸ್ಟಿಕ್ ಸೋಡಾ ಹನಿಹನಿಯಾಗಿ ಹಾಕಿ ಅರ್ಧ ಗಂಟೆ ಕಲಕಿದೆ. ಆಮೇಲೆ ಮೂರು ಸಲ ನೀರಲ್ಲಿ ತೊಳೆದು, ಒಣಗಿಸಿ, ದ್ರಾವಕ ಹಾರಿಸಿದೆ. ಬರಬೇಕಾದ್ದು ಹೆಚ್ಚೆಂದರೆ 1.80 ಗ್ರಾಂ, ಬಂದದ್ದು 2.9 ಗ್ರಾಂ! ಪುಡಿ ಸ್ವಲ್ಪ ಅಂಟಂಟು. 95 ಡಿಗ್ರಿಗೇ ಕರಗಲು ಶುರು. ಹೆಕ್ಸೇನ್‌ನಲ್ಲಿ ಟಿಎಲ್‌ಸಿ (ಸಿಲಿಕಾ ಹಾಳೆಯ ಮೇಲೆ ಪದಾರ್ಥಗಳನ್ನು ಬೇರ್ಪಡಿಸಿ ನೋಡುವ ಪರೀಕ್ಷೆ) ಹಾಕಿದರೆ ಒಂದು ಚುಕ್ಕೆ ಮೇಲೆ ಹೋಗುತ್ತದೆ, ಇನ್ನೊಂದು ಬುಡದಲ್ಲೇ ಕೂತಿರುತ್ತದೆ. ಉಳಿದ ಫಾಸ್ಫೋನಿಯಂ ಉಪ್ಪು ಇರಬಹುದಾ? ಇನ್ನೂ ತೊಳೆಯಲಾ?

ಮಂಡ್ಯ ಮೇಷ್ಟ್ರು
ಎಷ್ಟು ತೊಳೆದರೂ ಹೋಗಲ್ಲಮ್ಮ. ಅದು ಟ್ರೈಫಿನೈಲ್‌ಫಾಸ್ಫಿನ್ ಆಕ್ಸೈಡ್, ನೀರಲ್ಲಿ ಕರಗುವುದಿಲ್ಲ. ಈ ಕ್ರಿಯೆ ನಡೆಯುವುದೇ ರಂಜಕ ಆಮ್ಲಜನಕವನ್ನು ಎಳೆದುಕೊಳ್ಳುವ ಬಲದ ಮೇಲೆ. ಒಂದೊಂದು ಸ್ಟಿಲ್ಬೀನ್ ಹುಟ್ಟಿದಾಗಲೂ ಜೊತೆಗೆ ಒಂದು ಆಕ್ಸೈಡ್ ಹುಟ್ಟುತ್ತದೆ. ಅದರ ತೂಕವೋ ಇದರ ಒಂದೂವರೆ ಪಟ್ಟು: ಅಣುತೂಕ 278, ಸ್ಟಿಲ್ಬೀನ್‌ದು 180. ಎರಡೂ ಸಮ ಮೋಲ್ ಅಂತ ಲೆಕ್ಕ ಹಾಕಿ ನೋಡು, ನಿನ್ನ 2.9 ಗ್ರಾಂನಲ್ಲಿ ಸುಮಾರು 1.8 ಗ್ರಾಂ ಆಕ್ಸೈಡೇ.

ಅನುಮಾನ ಇದ್ದರೆ ಟಿಎಲ್‌ಸಿಯನ್ನು ಬರೀ ಈಥೈಲ್ ಅಸಿಟೇಟ್‌ನಲ್ಲಿ ಓಡಿಸು. ಆಕ್ಸೈಡ್ ಮೇಲೇಳುತ್ತದೆ, ಉಪ್ಪು ಬುಡದಲ್ಲೇ ಇರುತ್ತದೆ.

ಬೇರ್ಪಡಿಸಲು ದೊಡ್ಡ ಕಾಲಂ (ಸಿಲಿಕಾ ತುಂಬಿದ ಉದ್ದ ಕೊಳವೆ) ಬೇಡ. ಪುಡಿಯನ್ನು ಹೆಕ್ಸೇನ್‌ನಲ್ಲಿ ಚೆನ್ನಾಗಿ ಕಲಕು, ಎರಡು ಬೆರಳು ಎತ್ತರದ ಸಿಲಿಕಾ ಮೇಲೆ ಸೋಸು, ಇನ್ನಷ್ಟು ಹೆಕ್ಸೇನ್ ಹಾಯಿಸು. ಸ್ಟಿಲ್ಬೀನ್ ಇಳಿದು ಬರುತ್ತದೆ, ಆಕ್ಸೈಡ್ ಮೇಲೇ ಉಳಿಯುತ್ತದೆ. ಮೊದಲು ಡೈಕ್ಲೋರೋಮೀಥೇನ್ ಪೂರ್ತಿ ಹೋಗಿರಬೇಕು. ಚೂರು ಉಳಿದರೂ ಆಕ್ಸೈಡನ್ನು ಕೆಳಗೆ ಎಳೆದು ತರುತ್ತದೆ. ಇದರಲ್ಲೇ ಜಾಸ್ತಿ ಜನ ಎಡವುವುದು.

ಅಂಟಂಟು ಅಂದೆಯಲ್ಲ, ಅದಕ್ಕೆ ಸ್ಟಿಲ್ಬೀನ್‌ನ ಸಿಸ್ ರೂಪವೂ ಕಾರಣ ಇರಬಹುದು (ಎರಡು ಉಂಗುರಗಳೂ ಜೋಡಿಬಂಧದ ಒಂದೇ ಬದಿಗಿದ್ದರೆ ಸಿಸ್, ಎದುರುಬದಿಗಿದ್ದರೆ ಟ್ರಾನ್ಸ್). ಈ ಇಲೈಡ್ (ಕಾಸ್ಟಿಕ್ ಸೋಡಾ ಫಾಸ್ಫೋನಿಯಂ ಉಪ್ಪಿನಿಂದ ಪ್ರೋಟಾನ್ ಕಿತ್ತಾಗ ಆಗುವ ಪದಾರ್ಥ) ಸಿಸ್, ಟ್ರಾನ್ಸ್ ಎರಡನ್ನೂ ಕೊಡುತ್ತದೆ, ಸಿಸ್ ಸ್ಟಿಲ್ಬೀನ್ ನಮ್ಮ ಹವೆಯಲ್ಲಿ ಎಣ್ಣೆ. ಬಿಸಿ ಎಥನಾಲ್‌ನಲ್ಲಿ ಕರಗಿಸಿ ತಣಿಸು. ಟ್ರಾನ್ಸ್ ಹರಳಾಗುತ್ತದೆ, ಸಿಸ್ ದ್ರಾವಣದಲ್ಲಿ ಉಳಿಯುತ್ತದೆ.

ಇನ್ನೊಬ್ಬರು
ಮೇಷ್ಟ್ರೇ, ಹೆಕ್ಸೇನ್‌ನಲ್ಲಿ ಕರಗದ ಪದಾರ್ಥ ಆದ್ರೆ?

ಮಂಡ್ಯ ಮೇಷ್ಟ್ರು
ಆಗ ಎಥನಾಲ್‌ನಲ್ಲಿ ಕರಗಿಸಿ, ಜಿಂಕ್ ಕ್ಲೋರೈಡ್‌ನ ಎಥನಾಲ್ ದ್ರಾವಣ ಹಾಕಿ ಕಲಕಿ. ಒಂದು ಜಿಂಕ್ ಎರಡು ಆಕ್ಸೈಡ್ ಹಿಡಿದು ಬಿಳಿ ಪುಡಿಯಾಗಿ ಕೂರುತ್ತದೆ. ನಮ್ಮ ಕಡೆ ಆಲೆಮನೆಯಲ್ಲಿ ಬೆಂಡೆಗಿಡದ ಲೋಳೆ ಹಾಕಿ ಕಬ್ಬಿನಹಾಲಿನ ಮಡ್ಡಿ ತೆಗೀತಾರಲ್ಲ, ನನಗೆ ಅದೇ ನೆನಪಾಗುತ್ತದೆ. ಮಡ್ಡಿ ಮೇಲೆ ತೇಲುತ್ತದೆ, ಇದು ತಳಕ್ಕೆ ಇಳಿಯುತ್ತದೆ, ಅಷ್ಟೇ. ಆದರೆ ನಿಮ್ಮ ಪದಾರ್ಥದಲ್ಲಿ ಅಮೈನ್ ಇದ್ದರೆ ಜಿಂಕ್ ಅದನ್ನೂ ಹಿಡಿಯಬಹುದು, ನೋಡಿಕೊಳ್ಳಿ.

ಮತ್ತೊಬ್ಬರು
ಮುಂದಿನ ಸಲ ಹಾರ್ನರ್-ವಾಡ್ಸ್‌ವರ್ತ್-ಎಮನ್ಸ್ ವಿಧಾನ ನೋಡಿ. ಫಾಸ್ಫೋನಿಯಂ ಉಪ್ಪಿನ ಬದಲು ಫಾಸ್ಫೋನೇಟ್. ಅಲ್ಲಿ ಉಳಿಯುವ ಫಾಸ್ಫೇಟ್ ಉಪ್ಪು ನೀರಲ್ಲೇ ಹೋಗುತ್ತದೆ, ಟ್ರಾನ್ಸ್ ಕೂಡ ಹೆಚ್ಚು. ಈ ತಲೆನೋವೇ ಇಲ್ಲ.

ಮಂಡ್ಯ ಮೇಷ್ಟ್ರು
ಒಪ್ಪಿದೆ. ಆದರೆ ಆಕ್ಸೈಡ್ ಜೊತೆ ಒಮ್ಮೆಯಾದರೂ ಗುದ್ದಾಡಬೇಕು ರೀ.

ಪ್ರಶ್ನೆ ಕೇಳಿದವರು (ನಾಲ್ಕು ದಿನದ ನಂತರ)
ಈಥೈಲ್ ಅಸಿಟೇಟ್‌ನಲ್ಲಿ ಬುಡದ ಚುಕ್ಕೆ ಎದ್ದಿತು, ಆಕ್ಸೈಡೇ. ಮೊದಲ ಸಲ ಸೋಸಿದಾಗ ಆಕ್ಸೈಡೂ ಇಳಿಯಿತು, ಡೈಕ್ಲೋರೋಮೀಥೇನ್ ಉಳಿಸಿದ್ದೆ. ಎರಡನೇ ಸಲ ಸರಿಹೋಯ್ತು. ಎಥನಾಲ್‌ನಿಂದ ಹೊಳೆಯುವ ಹರಳು, 0.74 ಗ್ರಾಂ, ಕರಗಿದ್ದು 122ರಿಂದ 124 ಡಿಗ್ರಿ. ಅಂದರೆ 41%. ಥ್ಯಾಂಕ್ಸ್ ಸರ್. ಗೈಡ್‌ಗೆ ಮಾತ್ರ ಮೊದಲ ದಿನವೇ ಖುಷಿಯಲ್ಲಿ 161 ಅಂತ ಹೇಳಿಬಿಟ್ಟಿದ್ದೆ.