ಗೆಡ್ಡೆ, ಬೀಜಗಳ ವಿನಿಮಯ: ಕೊಡುವಾಗ ಏನೇನು ಹೇಳಿ ಕೊಡಬೇಕು?

ತಾರಸಿತೋಟ_ವಿಜಯನಗರ:
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಹತ್ತು ಹನ್ನೆರಡು ಮನೆಯವರು ಯುಗಾದಿ ಕಳೆದ ಮೇಲೊಮ್ಮೆ, ದಸರೆ ಕಳೆದ ಮೇಲೊಮ್ಮೆ ಉದ್ಯಾನದ ಕಲ್ಲುಬೆಂಚಿನ ಬಳಿ ಸೇರಿ, ತಮ್ಮಲ್ಲಿ ಹೆಚ್ಚಾಗಿರುವ ಗೆಡ್ಡೆ, ಬೀಜ, ಸಸಿಗಳನ್ನು ಹಂಚಿಕೊಳ್ಳುವ ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಹಣದ ಮಾತಿಲ್ಲ. ಆದರೆ ಈಚೆಗೆ ಸಣ್ಣ ಅಸಮಾಧಾನಗಳು ಹುಟ್ಟಿಕೊಂಡಿವೆ. ನನಗೆ ಎದುರು ಮನೆಯ ಹಿರಿಯರು ಕೊಟ್ಟ ಸುಗಂಧರಾಜದ ಎಂಟು ಗೆಡ್ಡೆಗಳು ಎರಡು ವರ್ಷದಿಂದ ಹುಲ್ಲಿನಂತೆ ಎಲೆ ಬಿಡುತ್ತಿವೆಯೇ ಹೊರತು ಒಂದು ಕಡ್ಡಿ ಹೂವನ್ನೂ ಕೊಟ್ಟಿಲ್ಲ. ನಾನು ಕೊಟ್ಟ ಸೋರೆ ಬೀಜದಿಂದ ಇನ್ನೊಬ್ಬರ ಮನೆಯಲ್ಲಿ ಬಾಯಿಗಿಡಲಾಗದಷ್ಟು ಕಹಿಯಾದ ಕಾಯಿ ಬಂದಿದೆ. ಯಾರೂ ಬೇಕೆಂದು ಮಾಡಿದ್ದಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ಮುಖ ಸಿಂಡರಿಸಿಕೊಳ್ಳುವುದು ನಿಂತಿಲ್ಲ. ಮುಂದಿನ ಸಲಕ್ಕೆ ಒಂದೆರಡು ನಿಯಮ ಮಾಡೋಣ ಎಂದಿದ್ದೇವೆ. ಅನುಭವಿಗಳು ದಯವಿಟ್ಟು ತಿಳಿಸಿ.

ಡೇರೆಪ್ರಿಯೆ:
ನಾನು ಸಾಗರದ ಕಡೆಯವಳು, ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾಯಿತು. ನಮ್ಮಲ್ಲಿ ಮಳೆಗಾಲದ ಮುಂಚೆ ನೆಂಟರ ಮನೆಗೆ ಹೋದ ಹೆಂಗಸರು ಡೇರೆ (ಡೇಲಿಯಾ) ಗೆಡ್ಡೆಯಿಲ್ಲದೆ ಹಿಂದಿರುಗುವುದು ಅಪರೂಪ. ಕೇಳಿ ತಂದದ್ದಕ್ಕಿಂತ ಕದ್ದು ತಂದದ್ದೇ ಚೆನ್ನಾಗಿ ಚಿಗುರುತ್ತದೆ ಎನ್ನುವವರೂ ಇದ್ದಾರೆ; ಅದನ್ನು ನಿಮ್ಮ ನಿಯಮಗಳಲ್ಲಿ ಸೇರಿಸುವುದು ಬೇಡ.

ನಿಮ್ಮ ಸುಗಂಧರಾಜದ ವಿಷಯಕ್ಕೆ ಬರುತ್ತೇನೆ. ಒಮ್ಮೆ ಹೂ ಬಿಟ್ಟ ಗೆಡ್ಡೆ ಮತ್ತೆ ಹೂ ಬಿಡುವುದಿಲ್ಲ. ಅದರ ಸುತ್ತ ಹುಟ್ಟುವ ಮರಿಗೆಡ್ಡೆಗಳು ಬಲಿತ ಮೇಲೆ ಅವು ಹೂ ಕೊಡುತ್ತವೆ. ಹಿರಿಯರು ಬುಡವನ್ನು ಕಿತ್ತು ಕೈಗೆ ಸಿಕ್ಕಿದ್ದನ್ನು ಕೊಟ್ಟಿದ್ದರೆ, ಅದರಲ್ಲಿ ಹೂ ಮುಗಿಸಿದ ತಾಯಿಗೆಡ್ಡೆಯೂ ಇನ್ನೂ ಎಳೆಯದಾದ ಮರಿಗಳೂ ಸೇರಿರುತ್ತವೆ. ಸುಮಾರು ಎರಡು ಸೆಂಟಿಮೀಟರ್ ಅಡ್ಡಳತೆಯ, ಅಂದರೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ, ಕೈಯಲ್ಲಿ ಅದುಮಿದರೆ ಗಟ್ಟಿಯಾಗಿರುವ ಗೆಡ್ಡೆಯನ್ನು ಕೊಟ್ಟರೆ ಅದೇ ವರ್ಷ ಹೂ ನಿರೀಕ್ಷಿಸಬಹುದು. ಅದಕ್ಕಿಂತ ಸಣ್ಣದನ್ನು ಕೊಡಬಾರದೆಂದಲ್ಲ. "ಇದು ಮರಿ, ಎರಡು ವರ್ಷ ಕಾಯಿರಿ" ಎಂದು ಹೇಳಿ ಕೊಟ್ಟರೆ ಸಾಕು. ಎಲೆ ಹಳದಿಯಾಗಿ ಒಣಗಿದ ಮೇಲೆ ಕಿತ್ತು, ನೆರಳಿನಲ್ಲಿ ಕೆಲವು ವಾರ ಆರಿಸಿ ಕೊಡುವುದು ಒಳ್ಳೆಯದು. ದಸರೆಯ ಹೊತ್ತಿಗೆ ಗಿಡ ಇನ್ನೂ ಹಸಿರಾಗಿರುತ್ತದೆಯಾದ್ದರಿಂದ ಸುಗಂಧರಾಜವನ್ನು ಯುಗಾದಿಯ ಸಭೆಗೇ ಮೀಸಲಿಡಿ.

ಡೇರೆಯ ಮಾತು ಬೇರೆ. ಅದರ ಗೆಡ್ಡೆ ಎಷ್ಟೇ ದಪ್ಪವಿದ್ದರೂ, ಹಳೆಯ ಕಾಂಡಕ್ಕೆ ಅಂಟಿಕೊಂಡ ಕತ್ತಿನ ತುದಿಯಲ್ಲಿ ಕಣ್ಣು, ಅಂದರೆ ಚಿಗುರೊಡೆಯುವ ಮೊಗ್ಗು, ಇಲ್ಲದಿದ್ದರೆ ಅದು ಚಿಗುರುವುದಿಲ್ಲ. ಗೊಂಚಲನ್ನು ಕೈಯಿಂದ ಮುರಿಯದೆ, ಪ್ರತಿ ಗೆಡ್ಡೆಗೂ ಒಂದು ಚೂರು ಕಾಂಡ ಉಳಿಯುವಂತೆ ಚಾಕುವಿನಿಂದ ಸೀಳಬೇಕು. ನನ್ನ ಅತ್ತಿಗೆ ಒಮ್ಮೆ ಆರು ಗೆಡ್ಡೆಗಳನ್ನು ಸೀರೆಯ ತುಂಡಿನಲ್ಲಿ ಕಟ್ಟಿ ಬಸ್ಸಿನಲ್ಲಿ ಕಳುಹಿಸಿದ್ದರು. ದಾರಿಯಲ್ಲಿ ಐದರ ಕತ್ತು ಉಳುಕಿ, ಒಂದು ಮಾತ್ರ ಎದ್ದಿತು.

ಬೀಜದಡಬ್ಬಿ:
ಸೋರೆಯ ಕಹಿಗೆ ನೀರಿನ ಕೊರತೆಯೂ ಕಾರಣವಾಗಬಹುದು; ಆದರೆ ತಮ್ಮ ಬಳ್ಳಿಯ ಕಾಯಿ ಸಿಹಿಯಾಗಿದ್ದು ಅದರ ಬೀಜದಿಂದ ಬಂದದ್ದು ಕಹಿಯಾಗಿದ್ದರೆ ಪರಾಗವನ್ನು ಅನುಮಾನಿಸುವುದೇ ಸರಿ. ಸುತ್ತಮುತ್ತ ಎಲ್ಲೋ ಕಹಿಸೋರೆಯ ಬಳ್ಳಿಯಿದ್ದು ಕೀಟಗಳು ಅದರ ಪರಾಗವನ್ನು ತಂದಿದ್ದರೆ, ಆ ವರ್ಷದ ಕಾಯಿಯ ರುಚಿ ಕೆಡುವುದಿಲ್ಲ. ಒಳಗಿನ ಬೀಜದ ಗುಣ ಬದಲಾಗಿರುತ್ತದೆ, ಅದು ಮುಂದಿನ ಬಳ್ಳಿಯಲ್ಲಿ ತಿಳಿಯುತ್ತದೆ. ಕಹಿಯಾದ ಸೋರೆಯನ್ನು ಬೇಯಿಸಿಯೂ ತಿನ್ನಬಾರದು, ರಸವನ್ನಂತೂ ಕುಡಿಯಲೇಬಾರದು ಎಂದು ಆ ಮನೆಯವರಿಗೆ ಹೇಳಿ. ವಿನಿಮಯಕ್ಕೆಂದು ಬೀಜ ಇಡುವವರು ಹೀಗೆ ಮಾಡಬಹುದು: ಸೋರೆಯ ಹೂ ಅರಳುವುದು ಸಂಜೆ. ಅಂದು ಅರಳಲಿರುವ ಹೆಣ್ಣುಮೊಗ್ಗಿನ ತುದಿಯನ್ನೂ ಒಂದೆರಡು ಗಂಡುಮೊಗ್ಗುಗಳ ತುದಿಯನ್ನೂ ಮಧ್ಯಾಹ್ನವೇ ದಾರದಿಂದ ಕಟ್ಟಿ, ಸಂಜೆ ಬಿಚ್ಚಿ, ಗಂಡುಹೂವನ್ನು ಹೆಣ್ಣುಹೂವಿಗೆ ಸವರಿ, ಮತ್ತೆ ಕಟ್ಟಿ ಗುರುತಿನ ದಾರ ಬಿಡಬೇಕು. ಐದು ನಿಮಿಷದ ಕೆಲಸ. ಟೊಮೆಟೊ, ಅವರೆಗಳಿಗೆ ಇಷ್ಟು ಉಪಚಾರ ಬೇಡ, ಅವು ಬಹುಮಟ್ಟಿಗೆ ತಮ್ಮ ಪರಾಗದಿಂದಲೇ ಕಾಯಿ ಕಟ್ಟುತ್ತವೆ.

ಇನ್ನೊಂದು ತಪ್ಪು ನಾನೇ ಮಾಡಿದ್ದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಸೊಗಸಾಗಿ ಬಂದಿತೆಂದು ಅದರ ಬೀಜ ತೆಗೆದು ಎಲ್ಲರಿಗೂ ಹಂಚಿದೆ. ಅದು ಎಫ್-1 ಹೈಬ್ರಿಡ್, ಅಂದರೆ ಎರಡು ಬೇರೆ ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆ. ಅದರ ಬೀಜದಿಂದ ಬಂದ ಗಿಡಗಳು ಒಂದರಂತೆ ಒಂದಿರಲಿಲ್ಲ. ಅದೇ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ ಹೈಬ್ರಿಡ್ ಅಲ್ಲ, ಅದರ ಬೀಜವನ್ನು ಇಟ್ಟುಕೊಳ್ಳಬಹುದು. ಆದ್ದರಿಂದ ಪೊಟ್ಟಣದ ಮೇಲೆ ಬೆಳೆಯ ಹೆಸರಿನ ಜೊತೆಗೆ ನಾಟಿಯೋ ಹೈಬ್ರಿಡ್ಡೋ ಎಂಬುದನ್ನೂ, ಬೀಜ ತೆಗೆದ ತಿಂಗಳನ್ನೂ ಬರೆಯುವುದು ಕಡ್ಡಾಯವಾಗಲಿ. ಈರುಳ್ಳಿ ಬೀಜ ಒಂದು ವರ್ಷ ದಾಟಿದರೆ ನಂಬುವಂತಿಲ್ಲ. ಕರಿಬೇವಿನ ಬೀಜವನ್ನು ಪೊಟ್ಟಣ ಕಟ್ಟಲೇಬೇಡಿ, ಹಣ್ಣಾದ ಕೆಲವೇ ದಿನಗಳಲ್ಲಿ ಬಿತ್ತಬೇಕು.

ಹಳೇಕುಂಡ:
ಮಣ್ಣಿನ ಸಮೇತ ಸಸಿ ಕೊಡುವುದನ್ನು ನಿಲ್ಲಿಸಿ. ಬೇರುಗಂಟಿನ ಜಂತುಹುಳು ನನ್ನ ತಾರಸಿಗೆ ಬಂದದ್ದು ಯಾರೋ ಪ್ರೀತಿಯಿಂದ ಕೊಟ್ಟ ಬದನೆ ಸಸಿಯ ಹಿಡಿಮಣ್ಣಿನಲ್ಲಿ. ದಾಸವಾಳದ ಕಡ್ಡಿ ಕೊಡುವವರು ಎಲೆಯ ಬುಡದಲ್ಲಿ ಹಿಟ್ಟುತಿಗಣೆ ಇದೆಯೇ ಎಂದು ಕನ್ನಡಕ ಹಾಕಿಕೊಂಡು ನೋಡಲಿ.

ಟ್ಯುಲಿಪ್_ಕನಸು:
ನನ್ನ ಮಗ ನೆದರ್‌ಲ್ಯಾಂಡ್ಸ್‌ನಿಂದ ಟ್ಯುಲಿಪ್ ಗೆಡ್ಡೆಗಳನ್ನು ತರುತ್ತೇನೆ ಎಂದಿದ್ದಾನೆ. ನಮ್ಮ ಗುಂಪಿನಲ್ಲಿಯೂ ಹಂಚಬಹುದೇ?

ಬೀಜದಡಬ್ಬಿ:
ಬೇಡ ಸರ್. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ನೆಡುವ ಗೆಡ್ಡೆಗಳಿಗೆ ಆಮದು ಪರವಾನಗಿಯೂ ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಇಟ್ಟು ತರುವಂಥದ್ದಲ್ಲ. ಬಂದರೂ ನಮ್ಮ ಜನವರಿಯ ಚಳಿ ಅದಕ್ಕೆ ಸಾಲದು, ಮೂರು ತಿಂಗಳು ಫ್ರಿಜ್ಜಿನಲ್ಲಿ ಇಡಬೇಕಾದೀತು. ಅದರ ಬದಲು ಮೊಳಕೆ ಬಂದ ಸೀಮೆಬದನೆಯನ್ನು ತನ್ನಿ. ಅದರ ಬೀಜವನ್ನು ಬಿಡಿಸಿ ಕೊಡುವ ಹಾಗಿಲ್ಲ, ಇಡೀ ಕಾಯನ್ನೇ ಕೊಡಬೇಕು. ಅದೂ ಒಂದು ಕಾಲದಲ್ಲಿ ಹೊರಗಿನಿಂದ ಲಾಲ್‌ಬಾಗಿಗೆ ಬಂದು ನಮ್ಮದಾದದ್ದೇ.

ತಾರಸಿತೋಟ_ವಿಜಯನಗರ:
ಎಲ್ಲರಿಗೂ ವಂದನೆಗಳು. ಇಂದು ಬೆಳಿಗ್ಗೆ ಕುಂಡದ ಮೇಲ್ಮಣ್ಣನ್ನು ಮೆಲ್ಲನೆ ಸರಿಸಿ, ಒಂದು ರೂಪಾಯಿ ನಾಣ್ಯವನ್ನು ಪಕ್ಕಕ್ಕಿಟ್ಟು ನೋಡಿದೆ. ಕಣ್ಣಿಗೆ ಕಂಡ ಇಪ್ಪತ್ತರಷ್ಟು ಗೆಡ್ಡೆಗಳಲ್ಲಿ ಮೂರು ಮಾತ್ರ ನಾಣ್ಯದಷ್ಟಿವೆ, ಉಳಿದವು ಬೆಳ್ಳುಳ್ಳಿ ಎಸಳಿನಂತಿವೆ. ಮಣ್ಣು ಮುಚ್ಚಿ ಎರೆಗೊಬ್ಬರ ಹಾಕಿದ್ದೇನೆ. ಸಂಜೆ ಎದುರು ಮನೆಗೆ ಹೋಗಿ ಹಿರಿಯರಿಗೂ ವಿಷಯ ತಿಳಿಸುತ್ತೇನೆ. ಅವರ ಕುಂಡದಲ್ಲಿಯೂ ಈ ವರ್ಷ ಹೂವಿಲ್ಲವಂತೆ.