ಗ್ರೌಂಡ್ ಲೈಟ್ ಹತ್ತಕ್ಕೆ ಆಫ್ ಆಗಲೇಬೇಕು

ಮನೆ 12 (ರಾತ್ರಿ 12:40): ಸಾಕಾಯ್ತು. ಗ್ರೌಂಡ್ ಲೈಟ್ ನೇರ ನಮ್ಮ ಕಿಟಕಿಗೆ ಹೊಡೆಯುತ್ತಿದೆ. ಅಮ್ಮನಿಗೆ ಎದೆ ಬಿಗಿದು ಆಸ್ಪತ್ರೆಗೆ ಹೊರಟರೆ ಗೇಟಿಗೆ ಅಡ್ಡ ನಾಲ್ಕು ಬೈಕ್. ಅದರ ಹುಡುಗರು ಒಳಗೆ ಗೋಲ್ ಗೋಲ್ ಅಂತ ಕೂಗುತ್ತಿದ್ದಾರೆ. ಲೈಟ್ ಹತ್ತಕ್ಕೆ ಆಫ್ ಮಾಡಿ ಅಂತ ಅರ್ಜಿ ಕೊಡೋಣ, ನಾಳೆ ಎಲ್ಲರೂ ಸಹಿ ಹಾಕಬೇಕು.

ಮನೆ 31 (ಬೆಳಿಗ್ಗೆ 6:10): ಅಯ್ಯೋ, ಅಮ್ಮ ಹೇಗಿದ್ದಾರೆ ಮೇಡಂ?

ಮನೆ 12: ಮನೆಗೆ ಕರೆತಂದೆವು. ಮಲಗಿದ್ದಾರೆ.

ಮನೆ 19: 🌹 ಶುಭೋದಯ. ಬೆಳಿಗ್ಗೆ ಬಿಸಿನೀರು ಕುಡಿದರೆ ನೂರು ರೋಗ ದೂರ. ಹತ್ತು ಜನಕ್ಕೆ ಕಳಿಸಿ.

ಮನೆ 5: ಅಮ್ಮ ಬೇಗ ಹುಷಾರಾಗಲಿ. ಆದರೆ ಗ್ರೌಂಡ್ ತಂಟೆಗೆ ಹೋಗಬೇಡಿ. ನೀವು ಬರುವ ಮೊದಲಿಂದಲೂ ಅದು ಇದೆ. ನಮ್ಮ ತಂದೆ ಅಲ್ಲಿ ಬರಿಗಾಲಲ್ಲಿ ಆಡಿದವರು. ಬೆಂಗಳೂರಿನ ಫುಟ್‌ಬಾಲ್ ಬೆಳೆದಿದ್ದೇ ಇಂಥ ಮಣ್ಣಿನ ಗ್ರೌಂಡುಗಳಲ್ಲಿ. 1937ರಲ್ಲಿ ಬಾಂಬೆಯ ದೊಡ್ಡ ಫುಟ್‌ಬಾಲ್ ಟೂರ್ನಿ ರೋವರ್ಸ್ ಕಪ್ ಗೆದ್ದವರು ಯಾರು? ನಮ್ಮೂರಿನ ಬೆಂಗಳೂರು ಮುಸ್ಲಿಮ್ಸ್ ಕ್ಲಬ್. ಮರುವರ್ಷವೂ ಅವರೇ. ಅದಕ್ಕೆ ಮೊದಲು ಯಾವ ಭಾರತೀಯ ತಂಡಕ್ಕೂ ಆ ಕಪ್ ಸಿಕ್ಕಿರಲಿಲ್ಲ. 1948ರ ಒಲಿಂಪಿಕ್ಸ್‌ನಲ್ಲಿ ನಮ್ಮೂರಿನ ಸಾರಂಗಪಾಣಿ ರಾಮನ್ ಗೋಲ್ ಹೊಡೆದು ಫ್ರಾನ್ಸನ್ನೇ ಸೋಲಿಸಿದರು.

ಮನೆ 8: ಅಂಕಲ್, ಆ ಮ್ಯಾಚ್ ನಾವು 2-1ರಲ್ಲಿ ಸೋತೆವು. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲ್ ಮಾತ್ರ ಅವರದ್ದೇ. ಎರಡು ಪೆನಾಲ್ಟಿ ಕೈತಪ್ಪಿದವು.

ಮನೆ 5: ಗೋಲ್ ನಮ್ಮವರದ್ದು ತಾನೇ? ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. 1948, 1952 ಎರಡೂ ಒಲಿಂಪಿಕ್ಸ್ ಆಡಿದರು.

ಮನೆ 12: ಸರ್, ಅವರ ಮೇಲೆ ನನಗೂ ಗೌರವ ಇದೆ. ಅವರ ಕಾಲದಲ್ಲಿ ಮಧ್ಯರಾತ್ರಿ ಲೈಟ್ ಇರಲಿಲ್ಲ ಅಲ್ವಾ?

ಮನೆ 27: ಮಣ್ಣು ತೆಗೆದು ಟರ್ಫ್ ಹಾಕಿದ್ದೇ ತಪ್ಪು. ಆ ಪ್ಲಾಸ್ಟಿಕ್ ಹುಲ್ಲು ಮಧ್ಯಾಹ್ನ ಕಾದ ಕಾವಲಿ. ಬಿಸಿಲಲ್ಲಿ ಕಾಲಿಡೋಕೇ ಆಗಲ್ಲ. ಅದಕ್ಕೇ ಎಲ್ಲರೂ ರಾತ್ರಿ ಬರುತ್ತಾರೆ. ಮೊದಲು ಓಣಿಯ ಮಕ್ಕಳು ಶಾಲೆ ಬಿಟ್ಟ ಕೂಡಲೇ ಆಡುತ್ತಿದ್ದರು. ಈಗ ಗಂಟೆ ಲೆಕ್ಕ, ದುಡ್ಡು ಕೊಟ್ಟವರಿಗೆ ಜಾಗ. ಟರ್ಫ್‌ಗೆ ಸಹಿ ಹಾಕಿಸಿದ್ದು ಯಾರು ಅಂತ ಎಲ್ಲರಿಗೂ ಗೊತ್ತು.

ಮನೆ 5: ನಾನೇ ಹಾಕಿಸಿದ್ದು. ಮಳೆಗಾಲದಲ್ಲಿ ಕೆಸರು ಅಂತ ಗೋಳಾಡಿದ್ದು ನೀವೇ ಅಲ್ವಾ? ನಿಮ್ಮ ಸಹಿಯೂ ಇದೆ. ಪೇಪರ್ ತೋರಿಸಲಾ?

ಮನೆ 27: ನಾನು ಹಾಕಿದ್ದು ಚರಂಡಿಗೆ. ಟರ್ಫ್‌ಗಲ್ಲ.

ಮನೆ 5: ಎರಡೂ ಒಂದೇ ಪೇಪರ್.

ಮನೆ 40: ಇಬ್ಬರಿಗೂ ಹಳದಿ ಕಾರ್ಡ್ 😀

ಮನೆ 8: ಮೇಡಂ, ನಾನೂ ರಾತ್ರಿ ಆಡುವವನೇ. ಬೈಕಿನ ವಿಷಯ ಓದಿ ನಾಚಿಕೆ ಆಯ್ತು. ಇವತ್ತೇ ಹುಡುಗರಿಗೆ ಹೇಳುತ್ತೇನೆ. ಲೈಟಿನ ಮುಖ ಕೆಳಕ್ಕೆ ಬಗ್ಗಿಸಿ ಮೇಲೊಂದು ತಗಡು ಮರೆ ಹಾಕಿದರೆ ಬೆಳಕು ಗ್ರೌಂಡ್ ಒಳಗೇ ಉಳಿಯುತ್ತದೆ. ಆದರೆ ಆಟ ಪೂರ್ತಿ ನಿಲ್ಲಿಸಬೇಡಿ. 2023ರಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷ ಆದಮೇಲೆ!

ಮನೆ 12: ಮರೆ ಹಾಕಿಸಿ, ಸಂತೋಷ. ಹತ್ತು ಗಂಟೆ ಮಾತ್ರ ಬಿಡಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಜನ ಮಲಗುವ ಹೊತ್ತು ಅಂತ ಶಬ್ದದ ಕಾನೂನಿನಲ್ಲೇ ಇದೆ. ಅರ್ಜಿ ಯಾರು ಬರೆಯುತ್ತೀರಿ?

ಮನೆ 5: ಅರ್ಜಿ ಆಮೇಲೆ. ಈ ಹುಡುಗರಿಗೆ ಗ್ರೌಂಡಿನ ಬೆಲೆ ಗೊತ್ತಿಲ್ಲ, ಅದೇ ರೋಗ. ಕಾಂಪೌಂಡ್ ಗೋಡೆ ಮೇಲೆ ಇದರ ಕಥೆ ಬರೆಸೋಣ. ಮೊದಲು ಆಡಿದವರು, ಕಲ್ಲು ಹೆಕ್ಕಿದವರು, ಎಲ್ಲರ ಹೆಸರು. ಬಣ್ಣದ ಖರ್ಚು ನನ್ನದು.

ಮನೆ 31: ಒಳ್ಳೇ ಯೋಚನೆ ಸರ್. ನಮ್ಮ ಮಾವನ ಹೆಸರೂ ಇರಲಿ. ಗೋಲ್‌ಪೋಸ್ಟಿಗೆ ಮರ ಕೊಟ್ಟವರು ಅವರು.

ಮನೆ 27: ಮರ ಕೊಟ್ಟಿದ್ದು ನಮ್ಮ ತಾತ.

ಮನೆ 31: ನಿಮ್ಮ ತಾತ ಕೊಟ್ಟಿದ್ದು ಬಲೆ. ಅತ್ತೆಯನ್ನೇ ಕೇಳಿ.

ಮನೆ 12: ಅರ್ಜಿ?

ಮನೆ 22: ಗೋಡೆ ಮೇಲೆ ಬಣ್ಣ ನಿಲ್ಲಲ್ಲ ಸರ್. ಚರಂಡಿ ಕಟ್ಟಿಕೊಂಡು ಬುಡದವರೆಗೂ ನೀರು ಒಸರುತ್ತಿದೆ. ಕೈ ಇಟ್ಟರೆ ಸುಣ್ಣ ಉದುರುತ್ತದೆ.

ಮನೆ 5: ಹಾಗಾದರೆ ಮೊದಲು ಚರಂಡಿ. ಭಾನುವಾರ ಬೆಳಿಗ್ಗೆ 7ಕ್ಕೆ ಹಿಂದಿನ ಗೇಟ್ ಹತ್ತಿರ ಎಲ್ಲರೂ ಬನ್ನಿ.

ಮನೆ 8: ಹುಡುಗರನ್ನ ಕರೆತರುತ್ತೇನೆ ಅಂಕಲ್. ಗುದ್ದಲಿ ಯಾರ ಹತ್ತಿರ ಇದೆ?

ಮನೆ 12: ನಮ್ಮಲ್ಲಿ ಎರಡಿವೆ. ಅರ್ಜಿ ನಾನೇ ಬರೆದು ತರುತ್ತೇನೆ. ಅಲ್ಲೇ ಸಹಿ ಹಾಕಿ.

ಮನೆ 31: ಕಾಫಿ ನಮ್ಮ ಮನೆಯಿಂದ. ಎಷ್ಟು ಜನ ಅಂತ ಹೇಳಿ.